ಕೈಕೊಡುವ ಮುಂಚೆ ಹೇಳುವ ಸಾಮಾನು



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಬೆಂಗಳೂರಿನ ಈ ಹೆಸರುಗಳನ್ನು ಕೇಳಿದ ಕೂಡಲೇ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಗಾಜಿನ ಕಟ್ಟಡ, ಕಂಪನಿ ಬಸ್ಸು, ಟ್ರಾಫಿಕ್ಕು. ಪೀಣ್ಯ ಎಂದರೆ ಲೇತು, ಪ್ರೆಸ್ಸು, ಕಟಿಂಗ್ ಆಯಿಲ್ ವಾಸನೆ. ಎಲ್ಲವೂ ಸೂರಿನ ಕೆಳಗೆ ನಡೆಯುವ ಕೆಲಸ. ಆದರೆ ಇದೇ ಜಾಗಗಳಲ್ಲಿ ಸೂರಿಲ್ಲದ ಕೆಲಸವೂ ಬೇಕಾದಷ್ಟಿದೆ. ಕಂಬ ಹತ್ತುವ ಪವರ್‌ಮ್ಯಾನ್ ಇದ್ದಾರೆ. ರಾತ್ರಿಯಿಡೀ ಗೇಟು ಕಾಯುವ ಸೆಕ್ಯುರಿಟಿಯವರಿದ್ದಾರೆ. ಗಾಳಿಮಳೆಗೆ ರಸ್ತೆಗೆ ಅಡ್ಡಬಿದ್ದ ಮರ ಕಡಿಯುವವರಿದ್ದಾರೆ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆಗೆ ಹೊರಟರೆ ಆನೆ ಕಾಯುತ್ತಾ ರಾಗಿ ಬೆಳೆಯುವವರಿದ್ದಾರೆ. ಬನ್ನೇರುಘಟ್ಟದ ಕಾಡಂಚಿನಲ್ಲಿ ಗಸ್ತು ತಿರುಗುವ ವಾಚರ್‌ಗಳಿದ್ದಾರೆ.

ಇವರೆಲ್ಲರ ಕೈಯಲ್ಲಿರುವ ಸಾಮಾನಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಟಾರ್ಚು, ಮಚ್ಚು, ಹಗ್ಗ, ಗ್ಲೌಸು, ಬೋನು, ಬೇಲಿ. ಇವುಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು?

ಅಂಗಡಿಯವರನ್ನು ಕೇಳಿ ನೋಡಿ. ಬೆಲೆ ಜಾಸ್ತಿ ಇರುವುದನ್ನು ತೆಗೆದು ಮುಂದಿಡುತ್ತಾರೆ. ‘ಸಾರ್, ಇದು ಮುರಿಯೋದೇ ಇಲ್ಲ’ ಅನ್ನುತ್ತಾರೆ. ಹೊರಗೆ ದುಡಿದವರು ಈ ಮಾತಿಗೆ ನಗುತ್ತಾರೆ. ಮುರಿಯದ ಸಾಮಾನು ಎಂಬುದಿಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಕೈಕೊಡುವ ಮುಂಚೆ ಅದು ಹೇಳುತ್ತದೆಯೇ? ನಾನು ಕೇಳುವುದು ಇಷ್ಟೇ. ಸದ್ದಿನಲ್ಲಿ ಹೇಳಲಿ, ಸಡಿಲಾಗಿ ಹೇಳಲಿ, ಮಂಕಾಗಿ ಹೇಳಲಿ. ಹೇಳಿದರೆ ಅದು ನಂಬಿಕಸ್ಥ ಸಾಮಾನು. ಹೇಳದೆ ಕೈಕೊಟ್ಟರೆ ಅದು ಎಷ್ಟೇ ಗಟ್ಟಿಯಾಗಿದ್ದರೂ ನಂಬುವ ಹಾಗಿಲ್ಲ.

ಟಾರ್ಚಿನಿಂದಲೇ ಶುರು ಮಾಡೋಣ.

ಹಳೆಯ ಮೂರು ಶೆಲ್ಲಿನ ಟಾರ್ಚು ನಿಮಗೆ ನೆನಪಿರಬಹುದು. ಹಿತ್ತಾಳೆಯ ಉದ್ದನೆ ಕೊಳವೆ, ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಗುಂಡಿ, ಮುಂದೆ ಗುಂಡು ಬಲ್ಬು. ಶೆಲ್ಲು ಸೋಲುತ್ತಾ ಬಂದ ಹಾಗೆ ಬೆಳಕು ಹಳದಿಯಾಗುತ್ತಿತ್ತು. ಆಮೇಲೆ ಕೆಂಪಗಾಗುತ್ತಿತ್ತು. ಒಂದೆರಡು ರಾತ್ರಿ ಮುಂಚೆಯೇ ಗೊತ್ತಾಗುತ್ತಿತ್ತು, ಇನ್ನು ಇದು ಹೆಚ್ಚು ದಿನ ಬರುವುದಿಲ್ಲ ಎಂದು. ಹಳ್ಳಿಯಲ್ಲಿ ಶೆಲ್ಲು ತೆಗೆದು ಬಿಸಿಲಿಗಿಡುತ್ತಿದ್ದರು. ಅದರಿಂದ ಇನ್ನೊಂದಿಷ್ಟು ಹೊತ್ತು ಸಿಗುತ್ತಿತ್ತು. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ನಿಂತಾಗ ಬೆಳಕು ಮಂಕಾದರೆ ಮನೆ ತಲುಪುವಷ್ಟು ಸಮಯವಂತೂ ಇರುತ್ತಿತ್ತು.

ಈಗಿನ ಎಲ್‌ಇಡಿ ಟಾರ್ಚು ಅದಕ್ಕಿಂತ ಹತ್ತುಪಾಲು ಮೇಲು. ಹಗುರ. ಬೆಳಕು ಕಣ್ಣು ಕೋರೈಸುತ್ತದೆ. ಆದರೆ ಅದರ ಗುಣವೇ ಬೇರೆ. ಹಲವು ಟಾರ್ಚುಗಳಲ್ಲಿ ಒಳಗಿರುವ ಸರ್ಕ್ಯೂಟು ಬೆಳಕನ್ನು ಕೊನೆಯವರೆಗೂ ಒಂದೇ ಸಮ ಇಡುತ್ತದೆ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬ್ಯಾಟರಿ ಕೆಡದಿರಲೆಂದು ಕರೆಂಟನ್ನೇ ಕಡಿದುಬಿಡುತ್ತದೆ. ಈ ಕ್ಷಣ ಹಗಲು, ಮರುಕ್ಷಣ ಅಮಾವಾಸ್ಯೆ. ಒಳ್ಳೆಯ ಟಾರ್ಚುಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಕೆಂಪು ದೀಪ ಇಟ್ಟಿರುತ್ತಾರೆ. ಕೆಲವು ಟಾರ್ಚು ಆರುವ ಮುಂಚೆ ಎರಡು ಸಲ ಕಣ್ಣು ಹೊಡೆಯುತ್ತವೆ. ಕೊಳ್ಳುವಾಗ ಎಷ್ಟು ದೂರ ಬೆಳಕು ಹೋಗುತ್ತದೆ ಎಂದು ಕೇಳುವವರೇ ಹೆಚ್ಚು. ಆರುವ ಮುಂಚೆ ಇದು ಏನು ಮಾಡುತ್ತದೆ ಎಂದೂ ಕೇಳಿ.

ಟಾರ್ಚಿನ ಮಾತು ಬಂದಾಗ ಬೆಂಗಳೂರಿನ ಒಬ್ಬ ಬೇಟೆಗಾರರನ್ನು ನೆನೆಯದೆ ಇರಲಾಗುವುದಿಲ್ಲ. ಕೆನೆತ್ ಆ್ಯಂಡರ್ಸನ್. 1910ರಲ್ಲಿ ಹುಟ್ಟಿದವರು, 1974ರಲ್ಲಿ ತೀರಿಕೊಂಡವರು. ಬದುಕಿನ ಬಹುಪಾಲನ್ನು ಬೆಂಗಳೂರಿನಲ್ಲೇ ಕಳೆದರು. ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಅದರಲ್ಲೊಂದು ಸಂಪುಟದ ಹೆಸರು ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಚಿರತೆ. ಪೀಣ್ಯಕ್ಕೆ ಅಂಟಿಕೊಂಡಿರುವ ಇದೇ ಜಾಲಹಳ್ಳಿ. ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬರುವುದಕ್ಕೆ ಮುಂಚಿನ ಕಾಲ ಅದು. ಮೆಟ್ರೋ ಏರಿ ಪೀಣ್ಯಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಇಲ್ಲಿ ಚಿರತೆ ಇತ್ತು ಎಂದು ಹೇಳಿದರೆ ನಂಬುವುದೇ ಇಲ್ಲ.

ಆ್ಯಂಡರ್ಸನ್ನರ ನೆಚ್ಚಿನ ಬಂದೂಕು .405 ವಿಂಚೆಸ್ಟರ್ ರೈಫಲ್. ರಾತ್ರಿ ಕೂರುವಾಗ ಆ ರೈಫಲ್ಲಿಗೇ ಟಾರ್ಚನ್ನು ಬಿಗಿಯುತ್ತಿದ್ದರು. ಕೈಯಲ್ಲಿ ಎಂಥ ರೈಫಲ್ ಇದ್ದರೂ ಮರದ ಮೇಲೆ ಕುಳಿತವನಿಗೆ ಆ ಹೊತ್ತಿನಲ್ಲಿ ದಿಕ್ಕು ಟಾರ್ಚೇ. ಗುಂಡು ಹಾರಿಸುವ ಆ ಒಂದು ಕ್ಷಣ ಬೆಳಕು ಇದ್ದರೆ ಸರಿ. ಇಲ್ಲದಿದ್ದರೆ ಬಂದೂಕು ಬರೀ ಕೋಲು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹವ್ಯಾಸಕ್ಕೆ ಬೇಟೆಯಾಡುವುದು ಅಪರಾಧ. ಈಗ ಬೇಟೆಯ ಹೆಸರಿನಲ್ಲಿ ಉಳಿದಿರುವುದು ಕದ್ದು ಒಡ್ಡುವ ಉರುಳು. ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಬೇಲಿಯ ಕಂಡಿಯಲ್ಲಿ ಕಟ್ಟುತ್ತಾರೆ. ಕಾಡುಹಂದಿಗೆಂದು ಇಟ್ಟಿದ್ದಕ್ಕೆ ಚಿರತೆ ಬಿದ್ದು ಒದ್ದಾಡಿ ಸತ್ತದ್ದು ಕರ್ನಾಟಕದಲ್ಲಿ ಮತ್ತೆ ಮತ್ತೆ ನಡೆದಿದೆ. ಉರುಳು ಯಾರಿಗೂ ಏನನ್ನೂ ಹೇಳುವುದಿಲ್ಲ. ಹಾದುಹೋಗುವ ನಾಯಿಗೂ ಹೇಳುವುದಿಲ್ಲ, ದನ ಮೇಯಿಸುವ ಹುಡುಗನಿಗೂ ಹೇಳುವುದಿಲ್ಲ. ಅಂಥದನ್ನು ನಾನು ಸಲಕರಣೆಯ ಸಾಲಿಗೇ ಸೇರಿಸುವುದಿಲ್ಲ.

ಸರಿ. ಹಳೆಯ ಟಾರ್ಚು ಮಂಕಾಗಿ ಹೇಳುತ್ತಿತ್ತು, ಹೊಸದರಲ್ಲಿ ಕೆಂಪು ದೀಪ ಇದೆಯೇ ನೋಡಬೇಕು ಎಂದೆ. ಈಗ ಕಬ್ಬಿಣಕ್ಕೆ ಬರೋಣ. ಕಬ್ಬಿಣ ಹೇಳುವುದು ಸದ್ದಿನಲ್ಲಿ. ರೇಡಿಯೋಗೆ ಹೇಳಿ ಮಾಡಿಸಿದ ವಿಷಯ.

ಆನೇಕಲ್, ಸರ್ಜಾಪುರ, ಹೊಸಕೋಟೆ ಸುತ್ತಿನ ಹಳ್ಳಿಗಳಲ್ಲಿ ಮಚ್ಚು, ಕುಡುಗೋಲು ಕೊಳ್ಳುವವರು ಕುಲುಮೆಯ ಸಾಮಾನನ್ನೇ ಕೇಳುತ್ತಾರೆ. ಒಳ್ಳೆಯ ಮಚ್ಚಿಗೆ ಲಾರಿಯ ಹಳೆ ಪಟ್ಟಿ ಬೇಕು. ಲಾರಿಯ ಚಕ್ರದ ಮೇಲೆ ಒಂದರ ಮೇಲೊಂದು ಬಾಗಿ ಕೂತಿರುವ ಉಕ್ಕಿನ ಪಟ್ಟಿಗಳು ಗೊತ್ತಲ್ಲ, ಅವೇ. ಅದನ್ನು ಕಾಯಿಸಿ, ಬಡಿದು, ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಉಕ್ಕು ಗಡಸಾಗುತ್ತದೆ. ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಹಾಗೇ ಬಿಟ್ಟರೆ ಮೊದಲ ಏಟಿಗೇ ಬಾಯಿ ಹಾರುತ್ತದೆ. ಅದಕ್ಕೆ ಮತ್ತೊಮ್ಮೆ ಹಗುರಾಗಿ ಕಾಯಿಸಿ ಹದ ಮಾಡುತ್ತಾರೆ. ಉಜ್ಜಿ ಹೊಳಪು ಮಾಡಿದ ಅಂಚಿನ ಮೇಲೆ ಬಣ್ಣ ಓಡುತ್ತದೆ. ಮೊದಲು ತಿಳಿ ಹುಲ್ಲಿನ ಬಣ್ಣ. ಆಮೇಲೆ ಕಂದು. ಆಮೇಲೆ ನೇರಳೆ, ನೀಲಿ. ಹುಲ್ಲಿನ ಬಣ್ಣ ಬರುವಾಗ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ ಬಿಸಿ. ನೀಲಿ ಬರುವಾಗ ಹತ್ತಿರ ಹತ್ತಿರ 300. ಕುಲುಮೆಯವರ ಬಳಿ ಥರ್ಮಾಮೀಟರ್ ಇಲ್ಲ. ಬಣ್ಣವೇ ಅವರಿಗೆ ಲೆಕ್ಕ. ಅದಕ್ಕೇ ಕುಲುಮೆಯ ಒಳಗೆ ಬೆಳಕು ಕಡಿಮೆ. ಬಿಸಿಲಿನಲ್ಲಿ ಈ ಬಣ್ಣ ಸರಿಯಾಗಿ ಕಾಣುವುದಿಲ್ಲ.

ಪೀಣ್ಯದಲ್ಲಿ ಇದೇ ಕೆಲಸವನ್ನು ಹೀಟ್ ಟ್ರೀಟ್‌ಮೆಂಟ್ ಎಂದು ಬೋರ್ಡು ಹಾಕಿಕೊಂಡು ದೊಡ್ಡ ಒಲೆಗಳಲ್ಲಿ ಮಾಡುತ್ತಾರೆ. ಅಲ್ಲಿ ಡಿಗ್ರಿ ಲೆಕ್ಕ ಪರದೆಯ ಮೇಲೆ ಬರುತ್ತದೆ. ಮಾಡುವ ಕೆಲಸ ಒಂದೇ. ಕುಲುಮೆ ಹಿಂದುಳಿದದ್ದು, ಪೀಣ್ಯ ಮುಂದುವರಿದದ್ದು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗೆ ಮಾಡಿದ ಮಚ್ಚು ಹೇಗೆ ಹೇಳುತ್ತದೆ? ಎರಡು ಥರ. ಹಿಡಿ ಸಡಿಲಾದರೆ ಕೈಗೆ ಗೊತ್ತಾಗುತ್ತದೆ. ಕಡಿದಾಗ ಅಂಗೈಗೆ ಝುಮ್ಮೆನ್ನುತ್ತದೆ. ಗುದ್ದಲಿಯ ಕಾವೂ ಹಾಗೆಯೇ. ಕಾವು ಸಡಿಲಾದರೆ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಣೆ ಹೊಡೆಯುತ್ತಾರೆ. ಕಾವು ಕಟ್ಟಿಗೆಯದು. ಬೆಳೆಯುತ್ತದೆ, ಕುಗ್ಗುತ್ತದೆ, ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಸದ್ದು. ಅಲಗಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸದ್ದು ಕೆಟ್ಟಿರುತ್ತದೆ.

ಸಾಣೆ ಕಲ್ಲಿಗೂ ಇದೇ ಪರೀಕ್ಷೆ. ಪೀಣ್ಯದ ಯಾವ ವರ್ಕ್‌ಶಾಪಿಗೆ ಹೋದರೂ ಮೂಲೆಯಲ್ಲಿ ಒಂದು ಗ್ರೈಂಡರ್ ಇರುತ್ತದೆ. ಅದರ ಚಕ್ರ ನಿಮಿಷಕ್ಕೆ ಹತ್ತಿರ ಹತ್ತಿರ 3,000 ಸುತ್ತು ತಿರುಗುತ್ತದೆ. ಬಿರುಕಿದ್ದ ಚಕ್ರ ಆ ವೇಗದಲ್ಲಿ ಸಿಡಿದರೆ ಚೂರುಗಳು ಗುಂಡಿನ ಹಾಗೆ ಹಾರುತ್ತವೆ. ಅದಕ್ಕೆ ಹೊಸ ಚಕ್ರ ಕೂರಿಸುವ ಮುಂಚೆ ಅದನ್ನು ತಟ್ಟಿ ನೋಡುವುದು ನಿಯಮ. ಇವತ್ತು ಎರಡು ಚಕ್ರ ಸ್ಟುಡಿಯೋಗೆ ತಂದಿದ್ದೇನೆ. ಎರಡೂ ಅಂಗೈ ಅಗಲದವು, ಬೂದು ಬಣ್ಣದವು. ನೋಡಿದರೆ ಅವಳಿ. ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿಕೊಂಡಿದ್ದೇನೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅಂಚಿಗೆ ಸ್ವಲ್ಪ ಒಳಗೆ ತಟ್ಟುತ್ತೇನೆ. ಕೇಳಿ.

ಟಣ್. ಇದು ಮೊದಲನೆಯದು. ಸದ್ದು ನಿಂತು ಎಳೆಯುತ್ತದೆ.

ದಬ್. ಇದು ಎರಡನೆಯದು. ಬಿರುಕು ಬಿಟ್ಟ ಮಡಕೆಯನ್ನು ಸಂತೆಯಲ್ಲಿ ತಟ್ಟಿದ ಹಾಗೆ. ಈ ಚಕ್ರದ ಮೇಲೆ ಕಣ್ಣಿಗೆ ಕಾಣುವ ಗೆರೆ ಒಂದೂ ಇಲ್ಲ. ಸ್ಟುಡಿಯೋ ಎಂಜಿನಿಯರ್ ಗಾಜಿನ ಆಚೆಯಿಂದಲೇ ತಲೆಯಾಡಿಸುತ್ತಿದ್ದಾರೆ.

ಒಂದು ಎಚ್ಚರಿಕೆ. ಚಕ್ರ ಒದ್ದೆಯಾಗಿದ್ದರೆ ಒಳ್ಳೆಯದೂ ದಬ್ ಅನ್ನುತ್ತದೆ. ಒಣಗಿರಬೇಕು. ಒಂದೇ ಕಡೆ ತಟ್ಟಿದರೆ ಸಾಲದು, ತಿರುಗಿಸಿ ನಾಲ್ಕೂ ಕಡೆ ತಟ್ಟಬೇಕು.

ಇಲ್ಲಿಯವರೆಗೆ ತಾನಾಗಿಯೇ ಹೇಳುವ ಸಾಮಾನು ನೋಡಿದೆವು. ಬೆಳಕು ಮಂಕಾಗುತ್ತದೆ, ಹಿಡಿ ಸಡಿಲಾಗುತ್ತದೆ, ಸದ್ದು ಕೆಡುತ್ತದೆ. ಇನ್ನು ಕೆಲವು ಸಾಮಾನು ತಾವಾಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತವೆ. ಅದನ್ನು ಪವರ್‌ಮ್ಯಾನ್‌ಗಳಿಂದ ಕಲಿಯಬೇಕು.

ಬೆಸ್ಕಾಂನ ಪವರ್‌ಮ್ಯಾನ್ ಕಂಬ ಹತ್ತುವ ಮುಂಚೆ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಂದರೆ ಸಬ್‌ಸ್ಟೇಷನ್ನಿನಲ್ಲಿ ಆ ಲೈನು ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಷ್ಟಾದರೆ ಆಯಿತಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಅಷ್ಟು ಸಾಲದು. ಇಲ್ಲಿ ಅಪಾರ್ಟ್‌ಮೆಂಟಿಗೊಂದು ಜನರೇಟರ್, ಆಫೀಸಿಗೊಂದು ಜನರೇಟರ್, ಮನೆಮನೆಗೆ ಯುಪಿಎಸ್. ಕರೆಂಟು ಹೋದ ಕೂಡಲೇ ಎಲ್ಲ ಒಟ್ಟಿಗೆ ಗುರ್ ಅನ್ನುತ್ತವೆ. ಯಾವುದಾದರೂ ಒಂದು ಕಟ್ಟಡದ ಚೇಂಜ್‌ಓವರ್ ಸ್ವಿಚ್ಚು ಸರಿಯಿಲ್ಲದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ಬೀದಿಯ ಲೈನಿಗೆ ಬರುತ್ತದೆ. ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕರೆ 400 ವೋಲ್ಟು ಹೋಗಿ 11,000 ವೋಲ್ಟಾಗುತ್ತದೆ. ಸಬ್‌ಸ್ಟೇಷನ್ನಿನಲ್ಲಿ ಲೈನು ಆಫ್. ಕಂಬದ ಮೇಲೆ ಲೈನು ಜೀವಂತ.

ಅದಕ್ಕೆ ಟೆಸ್ಟರ್ ಇದೆ. ಆದರೆ ಟೆಸ್ಟರೇ ಕೆಟ್ಟಿದ್ದರೆ? ಅದರ ದೀಪ ಹತ್ತುವುದಿಲ್ಲ. ಕರೆಂಟಿಲ್ಲ ಎಂದರೂ ದೀಪ ಹತ್ತುವುದಿಲ್ಲ. ಎರಡಕ್ಕೂ ಅದು ಕೊಡುವ ಉತ್ತರ ಒಂದೇ, ಮೌನ. ಇದಕ್ಕೆ ಕಸುಬಿನವರು ಕಂಡುಕೊಂಡ ದಾರಿ ಸರಳ. ಮೊದಲು ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಕಡೆ ಟೆಸ್ಟರ್ ಇಟ್ಟು ನೋಡಬೇಕು. ದೀಪ ಹತ್ತಿತು, ಸರಿ. ಆಮೇಲೆ ಕೆಲಸದ ಲೈನಿಗೆ ಇಡಬೇಕು. ಹತ್ತಲಿಲ್ಲ. ಮತ್ತೆ ಮೊದಲಿನ ಕಡೆಗೇ ಹೋಗಿ ಇನ್ನೊಮ್ಮೆ ಇಡಬೇಕು. ಹತ್ತಿತು. ಈಗ ನಂಬಬಹುದು. ಇಷ್ಟಾದ ಮೇಲೂ ಬರಿಗೈ ಹಾಕುವ ಹಾಗಿಲ್ಲ. ಡಿಸ್ಚಾರ್ಜ್ ರಾಡಿನಿಂದ ಲೈನನ್ನು ಭೂಮಿಗೆ ಕಟ್ಟಬೇಕು. ಕೆಲಸದ ಜಾಗದ ಎರಡೂ ಬದಿಗೆ ಕಟ್ಟಬೇಕು. ಕರೆಂಟು ಯಾವ ಕಡೆಯಿಂದ ಬಂದರೂ ಭೂಮಿಗಿಳಿಯಲಿ ಎಂದು.

ರಬ್ಬರ್ ಗ್ಲೌಸಿನ ಪರೀಕ್ಷೆ ಇನ್ನೂ ಚೆನ್ನ. ದಪ್ಪ ರಬ್ಬರಿನ ಗ್ಲೌಸು, ಮೊಣಕೈವರೆಗೆ ಬರುತ್ತದೆ. ಸೂಜಿ ಮೊನೆಯಷ್ಟು ತೂತಿದ್ದರೂ ಅದು ಗ್ಲೌಸಲ್ಲ. ತೂತು ಕಣ್ಣಿಗೆ ಕಾಣುವುದಿಲ್ಲ. ಪವರ್‌ಮ್ಯಾನ್ ಏನು ಮಾಡುತ್ತಾರೆ? ಗ್ಲೌಸಿನ ಬಾಯಿಯನ್ನು ಗಾಳಿ ತುಂಬಿಕೊಳ್ಳುವ ಹಾಗೆ ಸುರುಳಿ ಸುತ್ತುತ್ತಾರೆ. ಗಾಳಿ ಒಳಗೆ ಸಿಕ್ಕಿಕೊಂಡು ಐದು ಬೆರಳೂ ಉಬ್ಬುತ್ತವೆ. ಅದನ್ನು ಕೆನ್ನೆಯ ಹತ್ತಿರ, ಕಿವಿಯ ಹತ್ತಿರ ಹಿಡಿಯುತ್ತಾರೆ. ಸುಸ್ ಎಂದು ಸದ್ದು ಬಂದರೆ ಅಥವಾ ಕೆನ್ನೆಗೆ ಸಣ್ಣಗೆ ಗಾಳಿ ಸೋಕಿದರೆ ಆ ಗ್ಲೌಸನ್ನು ಅಲ್ಲೇ ಬಿಸಾಕಬೇಕು. ಅರ್ಧ ನಿಮಿಷದ ಕೆಲಸ. ಆದರೆ ಮಳೆ ಬರುತ್ತಿರುತ್ತದೆ, ಕತ್ತಲಿರುತ್ತದೆ, ಮೂರು ಅಪಾರ್ಟ್‌ಮೆಂಟಿನವರು ‘ಕರೆಂಟು ಯಾವಾಗ ಬರುತ್ತೆ’ ಎಂದು ಒಟ್ಟಿಗೆ ಫೋನು ಮಾಡುತ್ತಿರುತ್ತಾರೆ. ಆ ಅರ್ಧ ನಿಮಿಷವನ್ನು ನುಂಗುವವರು ನಾವೇ. ಮುಂದಿನ ಸಲ ಫೋನು ತೆಗೆಯುವ ಮುಂಚೆ ಇದು ನೆನಪಿರಲಿ.

ಗ್ಲೌಸು ಕೇಳಿದರೆ ಹೇಳುತ್ತದೆ, ಟೆಸ್ಟರ್ ಮೂರು ಸಲ ಕೇಳಿದರೆ ಹೇಳುತ್ತದೆ. ಇನ್ನು ಕೇಳಿದರೂ ಹೇಳದ ಅಥವಾ ಅರೆಬರೆ ಹೇಳುವ ಸಾಮಾನು. ಇವುಗಳ ಬಗ್ಗೆ ಬೇಗ ಬೇಗ ಹೇಳಿ ಮುಂದೆ ಹೋಗುತ್ತೇನೆ.

ಹೆಲ್ಮೆಟ್. ಕಟ್ಟಡದ ಕೆಲಸದವರ ತಲೆಯ ಮೇಲಿನ ಹಳದಿ ಹೆಲ್ಮೆಟ್. ಒಮ್ಮೆ ಮೇಲಿಂದ ಇಟ್ಟಿಗೆ ಬಿದ್ದು ತಲೆ ಉಳಿಸಿದ ಹೆಲ್ಮೆಟ್ಟಿಗೆ ಹೊರಗೆ ಏನೂ ಆಗಿರದೆ ಇರಬಹುದು. ಆದರೂ ಅದರ ಆಯಸ್ಸು ಮುಗಿಯಿತು. ಬಿಸಿಲಿಗೂ ಪ್ಲಾಸ್ಟಿಕ್ಕು ಒಳಗೊಳಗೇ ಪೆಡಸಾಗುತ್ತದೆ. ಹೆಲ್ಮೆಟ್ಟನ್ನು ಮಗುಚಿ ಒಳಗೆ ಬೆರಳಾಡಿಸಿ. ಒಂದು ಸಣ್ಣ ಗಡಿಯಾರದಂಥ ಅಚ್ಚು ಸಿಗುತ್ತದೆ. ಸುತ್ತಲೂ 1ರಿಂದ 12, ನಡುವೆ ಒಂದು ಬಾಣ, ಬಾಣದ ಪಕ್ಕ ವರ್ಷ. ಬಾಣ ತೋರಿಸುವುದು ತಯಾರಾದ ತಿಂಗಳು. ಅಲ್ಲಿಂದ ಮೂರು ನಾಲ್ಕು ವರ್ಷ ಕಳೆದಿದ್ದರೆ ಬದಲಾಯಿಸುವುದು ಕ್ಷೇಮ. ಹೆಲ್ಮೆಟ್ಟಿಗೆ ಬಾಯಿಲ್ಲದ್ದರಿಂದ ಕಂಪನಿಯವರು ಅದರ ಹುಟ್ಟಿದ ದಿನವನ್ನಾದರೂ ಕೆತ್ತಿಟ್ಟಿದ್ದಾರೆ.

ನೈಲಾನ್ ಹಗ್ಗ. ತೆಂಗಿನ ನಾರಿನ ಹಗ್ಗ ಹರಿಯುವ ಮುಂಚೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಕಿರ್ ಕಿರ್ ಅನ್ನುತ್ತದೆ. ನೈಲಾನ್ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಆದರೆ ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ನೈಲಾನ್ ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಅಷ್ಟೇ ಅದರ ಸೂಚನೆ. ಆಮೇಲೆ ಒಂದೇ ಸಲ ಪಟ್.

ಗಂಬೂಟು. ರಾಗಿ ಹೊಲದಲ್ಲಿ, ಕೆರೆ ಅಂಚಿನಲ್ಲಿ ಕೊಳಕುಮಂಡಲ ಹಾವು ಕಚ್ಚುವುದು ಹೆಚ್ಚಾಗಿ ಕಾಲಿಗೆ. ಬೂಟು ಮಡಚುವ ಜಾಗದಲ್ಲಿ ಸೀಳು ಬಿಟ್ಟರೆ ಮೊದಲು ನೀರು ಒಳಗೆ ಬರುತ್ತದೆ. ಸಾಕ್ಸು ಒದ್ದೆಯಾದರೆ ಬೂಟು ಮಾತಾಡಿತು ಎಂದು ಅರ್ಥ.

ಹೀಗೆ ಮೂರು ಜಾತಿಯಾಯಿತು. ತಾನಾಗಿ ಹೇಳುವುದು, ಕೇಳಿದರೆ ಹೇಳುವುದು, ಕೇಳಿದರೂ ಹೇಳದೆ ಇರುವುದು. ಈ ಮೂರನೆಯ ಜಾತಿಯ ಸಾಮಾನನ್ನು ಕೈಯಲ್ಲಿ ಹಿಡಿದು ಒಂದು ಜೀವಂತ ಚಿರತೆಯ ಮುಂದೆ ನಿಲ್ಲಬೇಕಾದರೆ ಹೇಗಿರುತ್ತದೆ? ವೈಟ್‌ಫೀಲ್ಡಿನಲ್ಲಿ ಅದು ನಡೆದಿದೆ.

2016ರ ಫೆಬ್ರವರಿ 7. ಭಾನುವಾರ. ಕುಂದಲಹಳ್ಳಿಯ ವಿಬ್‌ಗಯಾರ್ ಶಾಲೆಗೆ ಚಿರತೆ ಬಂದಿತ್ತು. ರಜೆಯ ದಿನ, ಮಕ್ಕಳಿರಲಿಲ್ಲ. ನಸುಕಿನಲ್ಲಿ ಅದು ಓಡಾಡಿದ್ದು ಶಾಲೆಯ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಅರಣ್ಯ ಇಲಾಖೆಯವರು, ಪೊಲೀಸರು, ಪಶುವೈದ್ಯರು, ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಎಲ್ಲ ಬಂದರು. ಸುತ್ತ ಜನ ಜಾತ್ರೆ. ಹಿಡಿಯುವ ಪ್ರಯತ್ನದಲ್ಲಿ ಚಿರತೆ ಹಲವರ ಮೇಲೆ ಎರಗಿತು. ಈಜುಕೊಳದ ಪಕ್ಕ ಗುಬ್ಬಿಯವರ ಮೇಲೆ ಬಿದ್ದು ಗಾಯ ಮಾಡಿದ ದೃಶ್ಯವನ್ನು ದೇಶವೇ ಟಿವಿಯಲ್ಲಿ ನೋಡಿತು. ಕೊನೆಗೆ ಅರಿವಳಿಕೆ ಮದ್ದು ಹತ್ತಿ ಅದು ಕೈಗೆ ಸಿಕ್ಕಾಗ ರಾತ್ರಿ ಎಂಟು ದಾಟಿತ್ತು.

ಸಿನಿಮಾದಲ್ಲಿ ಹೇಗೆ ತೋರಿಸುತ್ತಾರೆ? ಡಾರ್ಟ್ ತಗುಲಿದ ಕೂಡಲೇ ಪ್ರಾಣಿ ದೊಪ್ಪನೆ ಬೀಳುತ್ತದೆ. ನಿಜ ಹಾಗಿಲ್ಲ. ಡಾರ್ಟ್ ಎಂದರೆ ಹಾರುವ ಸಿರಿಂಜು. ಬೆರಳುದ್ದದ ಕೊಳವೆ, ಹಿಂದೆ ಬಣ್ಣದ ಕುಚ್ಚು, ಮುಂದೆ ಸೂಜಿ. ಒಳಗೆ ಎರಡು ಕೋಣೆ. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಒತ್ತಿ ತುಂಬಿದ ಗಾಳಿ. ಸೂಜಿಯ ತೂತು ತುದಿಯಲ್ಲಿರುವುದಿಲ್ಲ, ಪಕ್ಕದಲ್ಲಿರುತ್ತದೆ. ಅದರ ಮೇಲೆ ಸಣ್ಣ ರಬ್ಬರ್ ಪಟ್ಟಿ. ಸೂಜಿ ಚರ್ಮ ಹೊಕ್ಕಾಗ ಪಟ್ಟಿ ಹಿಂದೆ ಸರಿಯುತ್ತದೆ, ಗಾಳಿ ಮದ್ದನ್ನು ದೂಡುತ್ತದೆ. ಪಟ್ಟಿ ಸರಿಯದಿದ್ದರೆ ಮದ್ದು ಹೋಗುವುದಿಲ್ಲ. ಸೂಜಿ ಮೂಳೆಗೆ ತಗುಲಿದರೆ ಮದ್ದು ಹೊರಗೆ ಚೆಲ್ಲಬಹುದು. ಎಲ್ಲ ಸರಿಹೋದರೂ ಮದ್ದು ರಕ್ತಕ್ಕೆ ಸೇರಿ ಪ್ರಾಣಿ ಮಲಗಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಗದ್ದಲಕ್ಕೆ ಬೆದರಿ ರೊಚ್ಚಿಗೆದ್ದ ಪ್ರಾಣಿಗೆ ಇನ್ನೂ ತಡ. ಎಷ್ಟು ಮದ್ದು ಎಂಬುದು ತೂಕದ ಮೇಲೆ. ಓಡುವ ಚಿರತೆಯನ್ನು ತಕ್ಕಡಿಗೆ ಹಾಕುವವರು ಯಾರು? ವೈದ್ಯರ ಕಣ್ಣಂದಾಜೇ ಗತಿ.

ಅಂದರೆ ಡಾರ್ಟ್ ಹಾರಿಸಿದವರಿಗೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ಆ ಹದಿನೈದು ನಿಮಿಷ ಗೊತ್ತಾಗುವುದಿಲ್ಲ. ಆ್ಯಂಡರ್ಸನ್ನರ ರೈಫಲ್ಲು ಒಂದು ಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಕೊಲ್ಲಲು ಬೇಕಾದ ಸಲಕರಣೆ ಯಾವತ್ತೂ ಸುಲಭ. ಉಳಿಸಲು ಬೇಕಾದದ್ದು ನಿಧಾನ. ಆ ನಿಧಾನಕ್ಕೆ ನಮ್ಮ ಊರಿನ ಜನಜಂಗುಳಿ ಜಾಗ ಕೊಡುವುದಿಲ್ಲ. 2023ರ ನವೆಂಬರ್ 1ರಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯ ಕೂಡ್ಲು ಗೇಟ್ ಹತ್ತಿರ ಇನ್ನೊಂದು ಚಿರತೆ ಸಿಕ್ಕಿತು. ಅದನ್ನು ಹಿಡಿಯುವ ಕಾರ್ಯಾಚರಣೆ ಗುಂಡೇಟಿನಲ್ಲಿ ಮುಗಿಯಿತು. ಚಿರತೆ ಸತ್ತಿತು. ರಾಜ್ಯೋತ್ಸವದ ದಿನ ಅದು.

ಹಾಗಾದರೆ ಹಳೆಯ ಬೋನೇ ವಾಸಿಯೇ? ನನ್ನ ಮಟ್ಟಿಗೆ ಹೌದು, ಸಮಯ ಇದ್ದಾಗ. ಕಬ್ಬಿಣದ ಸರಳಿನ ಪೆಟ್ಟಿಗೆ, ಹಿಂದಿನ ಕೋಣೆಯಲ್ಲಿ ಮೇಕೆಯೋ ಕೋಳಿಯೋ, ನೆಲದಲ್ಲಿ ತುಳಿಯುವ ಹಲಗೆ, ಮೇಲೆ ನೇತಾಡುವ ಬಾಗಿಲು. ಸಂಜೆ ಇಟ್ಟು ಹೊರಡುವ ಮುಂಚೆ ಹಲಗೆಯನ್ನು ಕೋಲಿನಿಂದ ಒತ್ತಿ ನೋಡಬಹುದು. ಬಾಗಿಲು ಧಡಾರ್ ಎಂದು ಬಿದ್ದರೆ ಸರಿಯಾಗಿದೆ. ಅಲ್ಲೇ ಸಿಕ್ಕಿಕೊಂಡರೆ ಎಣ್ಣೆ ಹಾಕಬೇಕು. ಬೋನು ಮುಚ್ಚುಮರೆ ಮಾಡುವುದಿಲ್ಲ. ಆದರೆ ಅದಕ್ಕೂ ಒಂದು ಮಾತು ಸೇರಿಸಬೇಕು. ವೈಟ್‌ಫೀಲ್ಡಿನಲ್ಲಿ ಹಿಡಿದ ಆ ಚಿರತೆಯನ್ನು ಬನ್ನೇರುಘಟ್ಟಕ್ಕೆ ಒಯ್ದರು. ಒಂದು ವಾರದಲ್ಲಿ ಅದು ಅಲ್ಲಿನ ಬೋನಿನಿಂದ ತಪ್ಪಿಸಿಕೊಂಡು ಹೋಯಿತು. ಚಿರತೆಗೆ ಎಷ್ಟು ಸಂದು ಸಾಕು ಎಂಬುದು ಚಿರತೆಗೇ ಗೊತ್ತು.

ಚಿರತೆಯ ಮುಂದೆ ಡಾರ್ಟ್ ಮೌನ, ಬೋನು ಧಡಾರ್. ಇನ್ನು ಉಳಿದದ್ದು ಆನೆ. ಅಲ್ಲಿ ಬೇಲಿಯೇ ಸಲಕರಣೆ.

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನ ರಾಗಿಹಳ್ಳಿಯಂಥ ಊರುಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ದೀಪ ರಾತ್ರಿ ಆಕಾಶದಲ್ಲಿ ಮಬ್ಬಾಗಿ ಕಾಣುವಷ್ಟು ಹತ್ತಿರ. ಹೊಲದ ಸುತ್ತ ಸೋಲಾರ್ ಬ್ಯಾಟರಿಯ ತಂತಿ ಕಟ್ಟಿರುತ್ತಾರೆ. ಅದರಲ್ಲಿ ಕರೆಂಟು ಸದಾ ಹರಿಯುವುದಿಲ್ಲ. ಸೆಕೆಂಡಿಗೊಂದು ಸಲ ಹೊಡೆಯುತ್ತದೆ. ಸಾವಿರಾರು ವೋಲ್ಟು, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ತುಂಬಾ ಕಡಿಮೆ ಹೊತ್ತು. ಮುಟ್ಟಿದವರು ಎಗರಿ ಬೀಳುತ್ತಾರೆ, ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಇದನ್ನು ಬಿಟ್ಟು ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವವರೂ ಇದ್ದಾರೆ. ಅದು ಹಿಡಿದರೆ ಬಿಡುವುದಿಲ್ಲ. ಆನೆಯೂ ಸಾಯುತ್ತದೆ, ಬೆಳಗ್ಗೆ ಹೊಲಕ್ಕೆ ಬಂದ ಮನೆಯವರೂ ಸಾಯುತ್ತಾರೆ. ಕಾನೂನಿನ ಮಾತು ಆಮೇಲೆ.

ಸೋಲಾರ್ ಬೇಲಿ ಚೆನ್ನಾಗಿ ಹೇಳುವ ಸಾಮಾನು. ಹೇಗೆ ಕೇಳಬೇಕು ಎಂಬುದನ್ನು ರೈತರು ಬಲ್ಲರು. ಉದ್ದನೆಯ ಹಸಿ ಹುಲ್ಲಿನ ಕಡ್ಡಿ ಕಿತ್ತು ಅದರ ತುದಿಯನ್ನು ತಂತಿಯ ಮೇಲಿಡುತ್ತಾರೆ. ನಿಧಾನಕ್ಕೆ ಮುಂದೆ ಮುಂದೆ ತಳ್ಳುತ್ತಾರೆ. ಬೇಲಿ ಬದುಕಿದ್ದರೆ ಬೆರಳಿಗೆ ಚಿಟುಕು ಚಿಟುಕು ಎಂದು ಬಡಿಯುತ್ತದೆ. ಎಷ್ಟು ದೂರದಲ್ಲಿ ಬಡಿಯಿತು ಎಂಬುದರ ಮೇಲೆ ಬಲ ಎಷ್ಟಿದೆ ಎಂದು ಹೇಳುತ್ತಾರೆ. ಹುಲ್ಲು ಒಣಗಿದ್ದರೆ ಏನೂ ತಿಳಿಯದು. ನೀವು ಹೊಸಬರಾದರೆ ಇದನ್ನು ಮಾಡಲು ಹೋಗಬೇಡಿ, ಟೆಸ್ಟರ್ ಕೊಳ್ಳಿ.

ಆನೆಯೂ ಈ ಬೇಲಿಯನ್ನು ಓದಿಕೊಂಡಿದೆ. ದಂತಕ್ಕೆ ಷಾಕ್ ತಗಲುವುದಿಲ್ಲ ಎಂದು ಗಂಡಾನೆಗೆ ಗೊತ್ತು. ದಂತದಿಂದ ತಂತಿ ಎತ್ತುತ್ತದೆ. ಇಲ್ಲವೇ ಕಾಲಿನಿಂದ ಕಂಬವನ್ನೇ ಮಲಗಿಸುತ್ತದೆ. ಅದಕ್ಕೆ ಕೆಲವು ಕಡೆ ಅರಣ್ಯ ಇಲಾಖೆ ಹಳೆಯ ರೈಲು ಕಂಬಿಗಳ ಬೇಲಿ ಹಾಕಿದೆ. ಗಟ್ಟಿ ಬೇಲಿ ಅದು, ಹಣವೂ ಬಹಳ.

ಸೋಲಾರ್ ಬೇಲಿಯ ದೊಡ್ಡ ಶತ್ರು ಆನೆಗಿಂತ ಕಳೆ. ತಂತಿಗೆ ಬಳ್ಳಿ ಹಬ್ಬಿದರೆ, ಹುಲ್ಲು ತಾಗಿದರೆ ಕರೆಂಟು ಅಲ್ಲಲ್ಲೇ ನೆಲಕ್ಕೆ ಸೋರುತ್ತದೆ. ಹೊಲದ ಆ ಕೊನೆ ತಲುಪುವ ಹೊತ್ತಿಗೆ ತಂತಿಯಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಸೋರುವ ಜಾಗ ಸದ್ದು ಮಾಡುತ್ತದೆ. ಸಂಜೆ ಐದರ ಹೊತ್ತಿಗೆ, ಗಾಳಿ ನಿಂತಾಗ, ರೈತರು ಬೇಲಿಯುದ್ದಕ್ಕೂ ಕಿವಿಗೊಟ್ಟು ನಡೆಯುತ್ತಾರೆ. ಟಕ್, ಟಕ್, ಟಕ್. ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲಿ ನಿಲ್ಲುತ್ತಾರೆ. ಮನೆಯವರಿಗೆ ಕೂಗಿ ಹೇಳಿ ಸ್ವಿಚ್ಚು ಆರಿಸುತ್ತಾರೆ. ಬಳ್ಳಿ ಕುಯ್ದು ಹಾಕಿ, ಮತ್ತೆ ಹಾಕಿಸಿ, ಸದ್ದು ನಿಂತಿದೆಯೇ ಎಂದು ಕೇಳಿ ಮುಂದಿನ ಕಂಬಕ್ಕೆ ಹೋಗುತ್ತಾರೆ. ಕತ್ತಲಾಗುವಷ್ಟರಲ್ಲಿ ಒಂದು ಸುತ್ತು ಮುಗಿಯಬೇಕು.

ನನ್ನ ಸಮಯವೂ ಮುಗಿಯಿತು.